ಆ ಪ್ರಶ್ನಾರ್ಥಕ ಚಿಹ್ನೆಗಳಿಂದಲೇ ಶುರು ಮಾಡಿ

ನಮಸ್ಕಾರ.

ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಫೋಟೊ ಮೇಲೆ ಬರೆಯುವ ಬಗ್ಗೆ ನೀವು ಕಳಿಸಿದ ‘ಪೈಥಾನ್‌ನಲ್ಲಿ ಚಿತ್ರಗಳಿಗೆ ಬಣ್ಣದ ಅಡಿಬರಹ’ ಲೇಖನವನ್ನು ಎರಡು ಸಲ ಓದಿದೆ. ಈಗಿರುವ ಹಾಗೆ ಹಾಕಲು ಆಗುವುದಿಲ್ಲ. ಹಾಗಂತ ವಾಪಸ್ ಕಳಿಸಿ ಸುಮ್ಮನಿರಲೂ ಮನಸ್ಸಿಲ್ಲ. ಅದಕ್ಕೇ ಇಷ್ಟುದ್ದದ ಪತ್ರ.

ಮೊದಲ ಒಂದೂವರೆ ಪುಟ ತೆಗೆದುಬಿಡಿ. ‘ಇಂದಿನ ಡಿಜಿಟಲ್ ಯುಗದಲ್ಲಿ ಚಿತ್ರಗಳ ಮಹತ್ವ ಅಪಾರ’ ಎಂಬ ಸಾಲಿಗೇ ಅರ್ಧ ಜನ ಪುಟ ತಿರುಗಿಸುತ್ತಾರೆ. ಆಮೇಲೆ ಪೈಥಾನ್ ಇನ್‌ಸ್ಟಾಲ್ ಮಾಡುವುದು ಹೇಗೆ ಅಂತ ಮೂರು ಪ್ಯಾರಾ. ಅದು ಗೊತ್ತಿಲ್ಲದವರು ಈ ಲೇಖನ ಹುಡುಕಿಕೊಂಡು ಬರುವುದಿಲ್ಲ, ಅಲ್ವಾ?

ನಿಮ್ಮ ಐದೂ ಉದಾಹರಣೆಗಳಲ್ಲಿ ಚಿತ್ರದ ಮೇಲೆ ಬರುವುದು ‘ಹಲೋ ವರ್ಲ್ಡ್’, ಅದೂ ಇಂಗ್ಲಿಷ್ ಅಕ್ಷರದಲ್ಲಿ. ಒಂದಾದರೂ ಕನ್ನಡ ಪದ ಬೇಡವೇ ಅಂದುಕೊಳ್ಳುತ್ತಿದ್ದೆ. ಕಾರಣ ಕೊನೆಯ ಪುಟದಲ್ಲಿ ಸಿಕ್ಕಿತು. ‘ಅಕ್ಕನ ಮದುವೆ ಫೋಟೊ ಮೇಲೆ ಕನ್ನಡದಲ್ಲಿ ಬರೆಯಲು ನೋಡಿದೆ, ಬರೀ ಪ್ರಶ್ನಾರ್ಥಕ ಚಿಹ್ನೆ ಬಂತು, ಅದನ್ನು ಮುಂದೆ ನೋಡೋಣ’ ಎಂದು ಮುಗಿಸಿದ್ದೀರಿ. ಅಲ್ರೀ, ಲೇಖನ ಇರುವುದೇ ಅಲ್ಲಿ!

ಆ ಚಿಹ್ನೆಗಳು ಯಾಕೆ ಬಂದವು? ನೀವು ಬಳಸಿದ್ದು ಓಪನ್‌ಸಿವಿ ಎಂಬ ಚಿತ್ರ ಸಂಸ್ಕರಣೆಯ ಲೈಬ್ರರಿಯಲ್ಲಿ (ಸಿದ್ಧ ಪ್ರೋಗ್ರಾಂಗಳ ಕಟ್ಟು) ಅಕ್ಷರ ಬರೆಯುವ ಆದೇಶ, ಪುಟ್‌ಟೆಕ್ಸ್ಟ್. ಅದು ನಿಮ್ಮ ಕಂಪ್ಯೂಟರಿನಲ್ಲಿರುವ ಫಾಂಟ್‌ಗಳನ್ನು ಮುಟ್ಟುವುದೇ ಇಲ್ಲ. ಅದರಲ್ಲಿರುವುದು ಹರ್ಶೀ ಅಕ್ಷರಗಳು. 1967ರ ಸುಮಾರಿಗೆ ಅಮೆರಿಕದ ನೌಕಾಪಡೆಯ ಪ್ರಯೋಗಾಲಯದಲ್ಲಿ ಆಲೆನ್ ಹರ್ಶೀ ಬರೀ ಗೆರೆಗಳಲ್ಲಿ ರೂಪಿಸಿದವು. ಅದರಲ್ಲಿ ಕನ್ನಡ ಎಲ್ಲಿಂದ ಬರಬೇಕು?

ಹಾಗಾದರೆ ಫಾಂಟ್ ಫೈಲ್ ಕೊಡಬಹುದಾದ ಇನ್ನೊಂದು ಚಿತ್ರ ಲೈಬ್ರರಿ ಪಿಲ್ಲೋ ಬಳಸಿ ಅನ್ನಬಹುದು. ನಾನೂ ಮಾಡಿ ನೋಡಿದೆ. ನೋಟೋ ಸಾನ್ಸ್ ಕನ್ನಡ ಫಾಂಟ್ ಕೊಟ್ಟೆ. ಅಕ್ಷರವೇನೋ ಬಂತು, ಆದರೆ ‘ಅಕ್ಕ’ ಹೋಗಿ ‘ಅಕ್‌ಕ’ ಆಗಿತ್ತು. ಕಂಪ್ಯೂಟರ್ ಅಕ್ಷರಗಳನ್ನು ಗುರುತಿಸುವ ಯೂನಿಕೋಡ್ ಪದ್ಧತಿಯಲ್ಲಿ ‘ಅಕ್ಕ’ ಅಂದರೆ ನಾಲ್ಕು ಸಂಕೇತ: ಅ, ಕ, ಹಲಂತ (ಸ್ವರ ತೆಗೆಯುವ ಚಿಹ್ನೆ), ಮತ್ತೆ ಕ. ಎರಡನೇ ಕಕಾರವನ್ನು ಒತ್ತಾಗಿಸಿ ಕೆಳಗೆ ಕೂರಿಸುವ ಕೆಲಸ ರಾಕ್ಮ್ ಎಂಬ ಲೈಬ್ರರಿಯದು. ಅದು ಅಕ್ಷರರೂಪ ಜೋಡಿಸುವ ಹಾರ್ಫ್‌ಬಝ್ ಎಂಬ ಇನ್ನೊಂದು ಲೈಬ್ರರಿಯ ನೆರವಿನಿಂದ ಈ ಕೆಲಸ ಮಾಡುತ್ತದೆ. ರಾಕ್ಮ್ ಸಿಗದಿದ್ದರೆ ಪಿಲ್ಲೋ ದೂರು ಹೇಳುವುದಿಲ್ಲ, ಸುಮ್ನೆ ಅಕ್ಷರಗಳನ್ನು ಸಾಲಾಗಿ ಜೋಡಿಸಿಬಿಡುತ್ತದೆ. ವಿಂಡೋಸ್‌ನಲ್ಲಿ ಹೀಗಾಗುವುದು ಜಾಸ್ತಿ. ಯಾಕಂದರೆ ರಾಕ್ಮ್ ಕೆಲಸ ಮಾಡಲು ಬೇಕಾದ ಫ್ರಿಬಿಡಿ ಎಂಬ ಫೈಲ್ ಅಲ್ಲಿ ಸಾಮಾನ್ಯವಾಗಿ ಇರುವುದಿಲ್ಲ. ರಾಕ್ಮ್ ಇದೆಯೋ ಇಲ್ಲವೋ ಅಂತ ಪಿಲ್ಲೋದ ಫೀಚರ್ಸ್ ಚೆಕ್‌ನಿಂದ ಒಂದೇ ಸಾಲಿನಲ್ಲಿ ತಿಳಿಯುತ್ತದೆ. ಆ ಸಾಲು ನಿಮ್ಮ ಲೇಖನದಲ್ಲಿ ಇರಲೇಬೇಕು.

ಇನ್ನು ಬಣ್ಣ. ಮೂರನೇ ಚಿತ್ರದ ಕೆಳಗೆ ‘255, 0, 0 ಕೊಟ್ಟರೆ ಕೆಂಪು ಬರುತ್ತದೆ, ನೋಡಿ’ ಎಂದಿದ್ದೀರಿ. ನೋಡಿದೆ. ನೀವೇ ಲಗತ್ತಿಸಿದ ಚಿತ್ರದಲ್ಲಿ ಅಕ್ಷರ ನೀಲಿ! ಆ ಮೂರು ಅಂಕಿ ಅಂದರೆ ಕೆಂಪು, ಹಸಿರು, ನೀಲಿ ಬಣ್ಣಗಳ ಪ್ರಮಾಣ, ಆದರೆ ಅವುಗಳ ಕ್ರಮ ಎಲ್ಲ ಕಡೆ ಒಂದೇ ಅಲ್ಲ. ಓಪನ್‌ಸಿವಿಯಲ್ಲಿ ನೀಲಿ ಮೊದಲು, ಕೆಂಪು ಕೊನೆಗೆ. ಪಿಲ್ಲೋದಲ್ಲಿ ಕೆಂಪು ಮೊದಲು. ಈ ಅದಲುಬದಲು ಗೊತ್ತಿಲ್ಲದಿರುವುದು ತಪ್ಪಲ್ಲ, ಎಲ್ಲರೂ ಒಮ್ಮೆ ಎಡವುತ್ತಾರೆ. ಪ್ರೋಗ್ರಾಂ ಓಡಿಸಿ, ಬಂದದ್ದನ್ನು ಕಣ್ಣಿಟ್ಟು ನೋಡದೆ ಬರೆದಿದ್ದೀರಲ್ಲ, ಅದಕ್ಕೆ ನನಗೆ ಬೇಜಾರು.

ಬಿಳಿ ಗೋಡೆಯ ಮೇಲೆ ಹಳದಿ ಅಕ್ಷರ ‘ಆಕರ್ಷಕ’ ಅಂತಲೂ ಇದೆ. ಅಪ್ಪಟ ಹಳದಿಗೂ ಬಿಳಿಗೂ ಇರುವ ಕಾಂಟ್ರಾಸ್ಟ್ (ಹೊಳಪಿನ ಅನುಪಾತ) ಬರೀ 1.07. ಸಾಮಾನ್ಯ ಗಾತ್ರದ ಅಕ್ಷರ ಓದಲು ಕನಿಷ್ಠ 4.5 ಇರಬೇಕು ಎನ್ನುತ್ತದೆ ವೆಬ್ ಪುಟಗಳನ್ನು ಎಲ್ಲರೂ ಓದುವಂತಿರಿಸುವ ಮಾರ್ಗಸೂಚಿ. ಪಿಲ್ಲೋದಲ್ಲಿ ಸ್ಟ್ರೋಕ್ ವಿಡ್ತ್ (ಅಂಚಿನ ದಪ್ಪ), ಸ್ಟ್ರೋಕ್ ಫಿಲ್ (ಅಂಚಿನ ಬಣ್ಣ) ಎರಡನ್ನೂ ಕೊಟ್ಟು ಅಕ್ಷರದ ಸುತ್ತ ಕಪ್ಪು ಅಂಚು ಹಾಕಿ, ಯಾವ ಹಿನ್ನೆಲೆಯಲ್ಲೂ ಎದ್ದು ಕಾಣುತ್ತದೆ. ಅಂದಹಾಗೆ, ಬಣ್ಣದ ಅಕ್ಷರದ ಅಂಚು ಕಲಸಿದಂತೆ ಕಾಣುತ್ತದೆ ಎಂದು ಬರೆದಿದ್ದಿರಿ. ಅದು ಜೆಪೆಗ್ ಎಂಬ ಚಿತ್ರ ಫೈಲ್ ಮಾದರಿಯ ಕಿತಾಪತಿ. ಜಾಗ ಉಳಿಸಲು ಅದು ಬಣ್ಣದ ವಿವರ ಕಡಿಮೆ ಮಾಡುತ್ತದೆ. ವಿವರ ಕಳೆಯದ ಪಿಎನ್‌ಜಿ ಮಾದರಿಯಲ್ಲಿ ಸೇವ್ ಮಾಡಿ.

ಭಾಷೆ ಬಗ್ಗೆ ಒಂದೇ ಮಾತು. ‘ಫಾಂಟ್ ಗಾತ್ರವು ಹೊಂದಿಸಲ್ಪಡಬೇಕು’ ಅಂತ ನೀವು ಗೆಳೆಯರ ಹತ್ತಿರ ಹೇಳುತ್ತೀರಾ? ‘ಫಾಂಟ್ ದೊಡ್ಡದು ಮಾಡಿ’ ಅನ್ನುತ್ತೀರಿ. ಹಾಗೇ ಬರೆಯಿರಿ.

ಹೊಸ ಪ್ರತಿ ಸಾವಿರ ಪದ ದಾಟದಿರಲಿ. ಜೊತೆಗೆ ಮೂರು ಚಿತ್ರ ಸಾಕು: ಪ್ರಶ್ನಾರ್ಥಕ ಚಿಹ್ನೆ ಬಂದದ್ದು, ಒತ್ತಕ್ಷರ ಒಡೆದದ್ದು, ಸರಿಯಾದದ್ದು. ಮೂರರಲ್ಲೂ ಅದೇ ಮದುವೆ ಫೋಟೊ ಇರಲಿ. ಕಳಿಸುವ ಮುಂಚೆ ಅಕ್ಕನನ್ನು ಒಂದು ಮಾತು ಕೇಳಿ.