ಕ್ಲಾಸಿನೊಳಗಿನ ಕ್ಲಾಸಿಗೆ ಸ್ಟ್ಯಾಟಿಕ್ ಬೇಕೇ?

ಪ್ರಶ್ನೆ: ಜಾವಾದಲ್ಲಿ ‘ಖಾತೆ’ ಕ್ಲಾಸಿನ ಒಳಗೆ ‘ವಹಿವಾಟು’ ಎಂಬ ಕ್ಲಾಸ್ ಬರೆದಿದ್ದೇನೆ. ಖಾತೆಯ ಮೇನ್ ಮೆಥಡ್‌ನಲ್ಲಿ ‘ನ್ಯೂ ವಹಿವಾಟು()’ ಎಂದರೆ ‘ನಾನ್-ಸ್ಟ್ಯಾಟಿಕ್ ವೇರಿಯಬಲ್ ದಿಸ್’ ಎಂಬ ದೋಷ ಬರುತ್ತದೆ. ಒಳಗಿನ ಕ್ಲಾಸಿಗೆ ಸ್ಟ್ಯಾಟಿಕ್ ಸೇರಿಸಿದರೆ ದೋಷ ಮಾಯ. ಹೀಗೆ ಮಾಡಬಹುದೇ?

ಉತ್ತರ: ವಹಿವಾಟಿಗೆ ಖಾತೆಯ ಫೀಲ್ಡ್‌ಗಳು ಬೇಕಿಲ್ಲದಿದ್ದರೆ ಖಂಡಿತ ಮಾಡಬಹುದು, ಮಾಡಲೇಬೇಕು. ಸ್ಟ್ಯಾಟಿಕ್ ಇಲ್ಲದ ಒಳ ಕ್ಲಾಸಿನ ಆಬ್ಜೆಕ್ಟ್ ಯಾವುದಾದರೊಂದು ಹೊರ ಆಬ್ಜೆಕ್ಟಿನ ನಂಟಿನಲ್ಲೇ ಹುಟ್ಟುತ್ತದೆ. ಮೇನ್ ಸ್ಟ್ಯಾಟಿಕ್, ಅಂದರೆ ಯಾವ ಆಬ್ಜೆಕ್ಟಿಗೂ ಅಂಟದ್ದು, ಆದ್ದರಿಂದ ಅಲ್ಲಿ ಖಾತೆಯ ಆಬ್ಜೆಕ್ಟೇ ಇಲ್ಲ. ಇದು ಯಾವ ಖಾತೆಯ ವಹಿವಾಟು ಎಂಬುದು ಕಂಪೈಲರಿನ ತಕರಾರು. ನಂಟು ನಿಜಕ್ಕೂ ಬೇಕಿದ್ದರೆ ಮೊದಲು ‘ಖಾತೆ ಕ = ನ್ಯೂ ಖಾತೆ()’ ಎಂದು ಬರೆದು, ನಂತರ ‘ಕ.ನ್ಯೂ ವಹಿವಾಟು()’ ಎನ್ನಿ. ಎರಡರಲ್ಲೂ ‘ಮೊತ್ತ’ ಎಂಬ ಫೀಲ್ಡ್ ಇದ್ದರೆ ಒಳಗಿನದು ‘ದಿಸ್.ಮೊತ್ತ’, ಹೊರಗಿನದು ‘ಖಾತೆ.ದಿಸ್.ಮೊತ್ತ’.

ಈ ನಂಟನ್ನು ಕಣ್ಣಾರೆ ನೋಡಬಹುದು. ವಹಿವಾಟಿನ ಒಂದು ಮೆಥಡ್‌ನಲ್ಲಿ ಖಾತೆಯ ಫೀಲ್ಡ್ ಬಳಸಿ ಕಂಪೈಲ್ ಮಾಡಿ. ‘ಖಾತೆ$ವಹಿವಾಟು’ ಎಂಬ ಪ್ರತ್ಯೇಕ ಕ್ಲಾಸ್ ಫೈಲ್ ಸಿಗುತ್ತದೆ. ಅದರ ಮೇಲೆ ಕ್ಲಾಸಿನ ಒಳಗಿರುವುದನ್ನು ತೋರಿಸುವ ‘ಜಾವಾಪಿ -ಪಿ’ ಕಮಾಂಡ್ ಓಡಿಸಿದರೆ, ನೀವು ಬರೆಯದ ‘ದಿಸ್$0’ ಎಂಬ ಫೀಲ್ಡ್ ಕಾಣುತ್ತದೆ. ಹೊರ ಆಬ್ಜೆಕ್ಟಿನ ವಿಳಾಸ ಇರುವುದು ಅಲ್ಲೇ.

ತೊಂದರೆಯ ಮೂಲವೂ ಅದೇ. ಒಳ ಆಬ್ಜೆಕ್ಟ್ ಬಳಕೆಯಲ್ಲಿರುವಷ್ಟು ಕಾಲ ಹೊರಗಿನದನ್ನು ಗಾರ್ಬೇಜ್ ಕಲೆಕ್ಟರ್ (ಬಳಕೆ ಮುಗಿದ ಆಬ್ಜೆಕ್ಟನ್ನು ಮೆಮೊರಿಯಿಂದ ತೆಗೆಯುವ ವ್ಯವಸ್ಥೆ) ಮುಟ್ಟುವುದಿಲ್ಲ. ಆಂಡ್ರಾಯ್ಡ್‌ನಲ್ಲಿ ಹ್ಯಾಂಡ್ಲರನ್ನು (ಮೆಸೇಜ್ ಕಳಿಸಿ ನಿಭಾಯಿಸುವ ಕ್ಲಾಸ್) ಆಕ್ಟಿವಿಟಿಯ (ಆಪ್‌ನ ಒಂದು ಪರದೆ) ಒಳ ಕ್ಲಾಸಾಗಿ ಬರೆದು, 10 ನಿಮಿಷದ ನಂತರ ತಲುಪಬೇಕಾದ ಮೆಸೇಜ್ ಕಳಿಸಿದ್ದೀರಿ ಎನ್ನಿ. ಅಷ್ಟರಲ್ಲಿ ಬಳಕೆದಾರ ಫೋನ್ ಅಡ್ಡ ಹಿಡಿದರೆ ಹೊಸ ಆಕ್ಟಿವಿಟಿ ಬರುತ್ತದೆ, ಆದರೆ ಮೆಸೇಜ್ ಹ್ಯಾಂಡ್ಲರನ್ನೂ ಹ್ಯಾಂಡ್ಲರ್ ಹಳೆಯ ಆಕ್ಟಿವಿಟಿಯನ್ನೂ ಹಿಡಿದುಕೊಂಡು ಪೂರ್ತಿ ಪರದೆ ಮೆಮೊರಿಯಲ್ಲೇ ಉಳಿಯುತ್ತದೆ. ಹ್ಯಾಂಡ್ಲರನ್ನು ಸ್ಟ್ಯಾಟಿಕ್ ಮಾಡಿ, ಆಕ್ಟಿವಿಟಿಯನ್ನು ಗಾರ್ಬೇಜ್ ಕಲೆಕ್ಟರನ್ನು ತಡೆಯದ ವೀಕ್ ರೆಫರೆನ್ಸ್‌ನಲ್ಲಿಟ್ಟು, ಆಕ್ಟಿವಿಟಿ ಮುಗಿಯುವಾಗ ಓಡುವ ಆನ್‌ಡಿಸ್ಟ್ರಾಯ್‌ನಲ್ಲಿ ಬಾಕಿ ಮೆಸೇಜ್‌ಗಳನ್ನು ತೆಗೆದುಹಾಕಿ.

ಜಾವಾದ ಸ್ವಂತ ಲೈಬ್ರರಿಯಲ್ಲೂ ಈ ವಿವೇಕವಿದೆ. ಹ್ಯಾಶ್‌ಮ್ಯಾಪ್‌ನ ನೋಡ್‌ಗೆ ತನ್ನ ಕೀ, ವ್ಯಾಲ್ಯೂ, ಹ್ಯಾಶ್, ಮುಂದಿನ ನೋಡ್ ಇಷ್ಟೇ ಸಾಕು, ಹಾಗಾಗಿ ಅದು ಸ್ಟ್ಯಾಟಿಕ್. ಅರೇಲಿಸ್ಟ್‌ನ ಇಟರೇಟರ್ ಲಿಸ್ಟಿನ ಅರೇಯನ್ನೇ ಓದಬೇಕು, ಆದ್ದರಿಂದ ಅದು ಸ್ಟ್ಯಾಟಿಕ್ ಅಲ್ಲ. ಕಾಟ್ಲಿನ್ ಭಾಷೆಯಲ್ಲಂತೂ ‘ಇನ್ನರ್’ ಎಂದು ಬರೆದರಷ್ಟೇ ನಂಟು. ನಮ್ಮ ದೃಷ್ಟಿಯಲ್ಲಿ ಅದೇ ಸರಿಯಾದ ಕ್ರಮ.

ಪ್ರಶ್ನೆ: ಮೆಥಡ್ ಒಳಗಿನ ಅನಾನಿಮಸ್ (ಹೆಸರಿಲ್ಲದ) ಕ್ಲಾಸಿನಲ್ಲಿ ಆ ಮೆಥಡ್‌ನ ಲೋಕಲ್ ವೇರಿಯಬಲ್‌ನ ಎಣಿಕೆ ಹೆಚ್ಚಿಸಲು ಬಿಡುವುದಿಲ್ಲವೇಕೆ?

ಉತ್ತರ: ಕ್ಲಾಸಿನ ಕೈಗೆ ಸಿಗುವುದು ವೇರಿಯಬಲ್ ಅಲ್ಲ, ಅದರ ಮೌಲ್ಯದ ಪ್ರತಿ. ಮೆಥಡ್ ಮುಗಿದರೆ ಮೂಲ ವೇರಿಯಬಲ್ ಇರುವುದೇ ಇಲ್ಲ. ಎಣಿಕೆಯನ್ನು ಫೀಲ್ಡ್ ಮಾಡಿಕೊಳ್ಳಿ, ಏಕಕಾಲಕ್ಕೆ ಓಡುವ ಹಲವು ಥ್ರೆಡ್‌ಗಳಿದ್ದರೆ ಅಟಾಮಿಕ್ ಇಂಟಿಜರ್ ಬಳಸಿ. ಎಣಿಕೆಯನ್ನು ಒಂದೇ ಅಂಶದ ಅರೇಯಲ್ಲಿಡುವ ಉಪಾಯಕ್ಕೆ ಕಂಪೈಲರ್ ಸುಮ್ಮನಾದರೂ ಥ್ರೆಡ್‌ಗಳ ನಡುವೆ ಲೆಕ್ಕ ತಪ್ಪುತ್ತದೆ.