ತುರಹಳ್ಳಿಯ ನವಿಲುಗಳು ನಿಜವಾಗಿ ಕಡಿಮೆಯಾದವೇ?

ಪ್ರಶ್ನೆ: ನಾವು ಕೆಲವು ಗೆಳೆಯರು ಬೆಂಗಳೂರಿನ ತುರಹಳ್ಳಿ ಕಾಡಿನ ಕಾಲುದಾರಿಯಲ್ಲಿ ನವಿಲುಗಳನ್ನು ಎಣಿಸುತ್ತೇವೆ. ಮೇ ತಿಂಗಳಲ್ಲಿ 30 ಕಂಡಿದ್ದವು, ಅಕ್ಟೋಬರಿನಲ್ಲಿ 20 ಮಾತ್ರ. ಮೂರನೆಯ ಒಂದು ಪಾಲು ನಾಶವಾಗಿದೆಯೆಂದು ಅರಣ್ಯ ಇಲಾಖೆಗೆ ಮನವಿ ಕೊಡಬಹುದೇ?
(ಬನಶಂಕರಿಯ ಓದುಗರೊಬ್ಬರು)

ಉತ್ತರ: ದಯವಿಟ್ಟು ಕೊಡಬೇಡಿ. ಊರು, ಪ್ರಾಣಿ ಬೇರೆಯಾದರೂ ಇದೇ ಪ್ರಶ್ನೆ ಮತ್ತೆ ಮತ್ತೆ ಬರುತ್ತದೆ, ಪ್ರತಿ ಬಾರಿಯೂ ಕಂಡದ್ದನ್ನೇ ಇದ್ದದ್ದೆಂದು ತಿಳಿದಿರುತ್ತಾರೆ. ಎರಡೂ ತಿಂಗಳು ಅಲ್ಲಿ 50 ನವಿಲುಗಳೇ ಇದ್ದವೆಂದು ಇಟ್ಟುಕೊಳ್ಳಿ. ಗಂಡುಗಳು ಕೂಗುತ್ತ, ಬಯಲಿನಲ್ಲಿ ಗರಿಗೆದರಿ ನಿಲ್ಲುವ ಮೇ ತಿಂಗಳಲ್ಲಿ ಹತ್ತರಲ್ಲಿ ಆರು ಕಣ್ಣಿಗೆ ಬಿದ್ದಾವು. ಮಳೆಗಾಲ ಕಳೆದು, ಗರಿ ಉದುರಿಸಿಕೊಂಡ ಅವೇ ಗಂಡುಗಳು ಸದ್ದಿಲ್ಲದೆ ಎದೆಯೆತ್ತರದ ಲಂಟಾನದೊಳಗೆ ನುಸುಳಿದಾಗ ಹತ್ತರಲ್ಲಿ ನಾಲ್ಕು. ಒಂದು ನವಿಲೂ ಸಾಯದೆ ನಿಮ್ಮ 30 ಮತ್ತು 20 ಬಂದುಬಿಡುತ್ತವೆ.

ಇನ್ನು ಕಾಲುದಾರಿ. ಅದು ಜನರಿಗೆ ಅನುಕೂಲವಾದ ಕಡೆ ಸಾಗುತ್ತದೆಯೇ ಹೊರತು ಇಡೀ ಕಾಡನ್ನು ಪ್ರತಿನಿಧಿಸುವುದಿಲ್ಲ. ನಕ್ಷೆಯ ಮೇಲೆ ಸಮ ಅಂತರದ ಗೆರೆಗಳನ್ನು ಎಳೆಯಿರಿ, ಮೊದಲ ಗೆರೆ ಎಲ್ಲಿ ಬೀಳಬೇಕೆಂಬುದನ್ನು ಚೀಟಿ ಎತ್ತಿ ನಿರ್ಧರಿಸಿ, ಆ ಗೆರೆಗಳ ಉದ್ದಕ್ಕೂ ನಡೆಯಿರಿ. ನವಿಲು ಕಂಡೊಡನೆ, ಅದು ನಿಮ್ಮನ್ನು ನೋಡಿ ಸರಿಯುವ ಮೊದಲು ನಿಂತಿದ್ದ ಜಾಗವು ಗೆರೆಯಿಂದ ಲಂಬವಾಗಿ ಎಷ್ಟು ಮೀಟರ್ ದೂರವೆಂದು ಅಳೆದು ಬರೆದುಕೊಳ್ಳಿ. ದೂರ ಹೆಚ್ಚಿದಂತೆ ಕಾಣುವ ಪ್ರಮಾಣ ಹೇಗೆ ಇಳಿಯುತ್ತದೆ ಎಂಬುದರಿಂದಲೇ ಕಾಣದೆ ಉಳಿದವುಗಳ ಅಂದಾಜು ಸಿಗುತ್ತದೆ. ಅದಕ್ಕೆ ಕನಿಷ್ಠ 60ರಿಂದ 80 ಬಾರಿಯಾದರೂ ನವಿಲು ಕಂಡಿರಬೇಕು. ಒಂದೇ ಗೆರೆಯಲ್ಲಿ ಹತ್ತು ಸಲ ನಡೆದರೆ ಅದು ಹತ್ತು ಗೆರೆಯಾಗುವುದಿಲ್ಲ, ಮತ್ತು ಮೇ ತಿಂಗಳನ್ನು ಮೇ ತಿಂಗಳೊಂದಿಗೆ ಮಾತ್ರ ಹೋಲಿಸಬೇಕು. ನಾನಾದರೆ ಐದು ವರ್ಷದ ಮಾಹಿತಿ ಕೈಯಲ್ಲಿಲ್ಲದೆ ‘ಇಳಿಕೆ’ ಎಂಬ ಪದವನ್ನೇ ಬರೆಯುವುದಿಲ್ಲ. ದಾರಿ ಬಿಟ್ಟು ಒಳಗೆ ಕಾಲಿಡಲು ಇಲಾಖೆಯ ಅನುಮತಿ ಬೇಕು. ಮನವಿ ಬರೆಯಲೇಬೇಕೆಂದಿದ್ದರೆ ಅದಕ್ಕಾಗಿ ಬರೆಯಿರಿ.

ಪ್ರಶ್ನೆ: ಕಾಡಿನ ಶೇ 10ರಷ್ಟು ಭಾಗ ಎಣಿಸಿದರೆ ಸಾಕಲ್ಲವೇ?

ಉತ್ತರ: ಒಂದು ಅಗುಳು ಹಿಚುಕಿ ನೋಡುವುದು ಅನ್ನಕ್ಕೆ ಸರಿ, ಕಾಡು ಒಂದೇ ಸಮ ಬೆಂದಿರುವುದಿಲ್ಲ; ಮಾದರಿಗಳು, ಅಂದರೆ ನೀವು ಎಣಿಸುವ ತುಣುಕು ಜಾಗಗಳು, ಎಷ್ಟು ಬೇಕೆಂಬುದನ್ನು ನಿರ್ಧರಿಸುವುದು ಅವುಗಳ ನಡುವಿನ ಏರುಪೇರು, ಶೇಕಡಾವಾರು ಅಲ್ಲ.

ಪ್ರಶ್ನೆ: ಹೆಜ್ಜೆಗುರುತಿನಿಂದ ಹುಲಿ ಎಣಿಸುವ ತರಬೇತಿಗೆ ಸೇರಲೇ?

ಉತ್ತರ: ಬೇಡ. ಆ ಲೆಕ್ಕದಲ್ಲಿ ರಾಜಸ್ಥಾನದ ಸರಿಸ್ಕಾ ಹುಲಿ ಅಭಯಾರಣ್ಯದಲ್ಲಿ ಹುಲಿಗಳಿದ್ದವು, ಕಾಡಿನಲ್ಲಿ ಒಂದೂ ಇರಲಿಲ್ಲವೆಂಬುದು 2005ರಲ್ಲಿ ಬಯಲಾಯಿತು. ಇನ್ನೂ ಅದನ್ನೇ ಮಾರುವವರಿಗೆ ದುಡ್ಡು ಕೊಡಬೇಡಿ.

ಪ್ರಶ್ನೆ: ಶ್ರೀಗಂಧದ ಸಸಿಗಳನ್ನು ಎಣಿಸಲು ಎಷ್ಟು ದೊಡ್ಡ ಚೌಕ ಹಾಕಬೇಕು?

ಉತ್ತರ: ಗುಂಪುಗುಂಪಾಗಿ ಹುಟ್ಟುವ ಗಿಡಕ್ಕೆ ಚೌಕಕ್ಕಿಂತ ಉದ್ದನೆಯ, ಕಿರಿದಾದ ಪಟ್ಟಿಯೇ ಲೇಸು. ಗಿಡ ಓಡಿಹೋಗುವುದಿಲ್ಲ, ನಿಜ. ಆದರೆ ಹುಲ್ಲಿನಡಿಯ ಬೆರಳುದ್ದದ ಸಸಿ ನಿಂತವರಿಗೆ ಕಾಣುವುದಿಲ್ಲ, ಮಂಡಿಯೂರಿ ಎಣಿಸಿ.