ಕೊಪ್ಪಳದಲ್ಲಿದ್ದುಕೊಂಡು ಚಿತ್ರಕಲೆಯ ಇತಿಹಾಸ ಕಲಿಯಬೇಕೆಂದರೆ ಯಾವ ಪುಸ್ತಕದಿಂದ ಶುರು ಮಾಡಲಿ?

ಪುಸ್ತಕ ಆಮೇಲೆ. ಮೊದಲು ಗಂಗಾವತಿ ಕಡೆಯ ಹಿರೇಬೆಣಕಲ್ ಗುಡ್ಡ ಹತ್ತಿ. ಶಿಲಾಗೋರಿಗಳ ಆಸುಪಾಸಿನ ಬಂಡೆಗಳ ಮೇಲೆ ಕೆಂಪು ಬಣ್ಣದ ಮನುಷ್ಯರು, ಪ್ರಾಣಿಗಳು ಸಿಗುತ್ತವೆ. (ಬಿಸಿಲೇರುವ ಮುಂಚೆ ಹೋಗಿ, ನಮ್ಮ ಕಡೆ ಬಿಸಿಲು ಗೊತ್ತಲ್ಲ.)

ಆಮೇಲೆ ಹೊಳೆಯಾಚೆ ಹಂಪಿ. ವಿರೂಪಾಕ್ಷ ಗುಡಿಯ ರಂಗಮಂಟಪದಲ್ಲಿ ಕತ್ತೆತ್ತಿ ಸೂರಿನ ಚಿತ್ರಗಳನ್ನು ನೋಡಿ. ಪಲ್ಲಕ್ಕಿಯಲ್ಲಿ ವಿದ್ಯಾರಣ್ಯರ ಮೆರವಣಿಗೆ, ಮತ್ಸ್ಯಯಂತ್ರಕ್ಕೆ ಗುರಿಯಿಟ್ಟ ಅರ್ಜುನ. ಮುಖಗಳು ಬಹುತೇಕ ಪಕ್ಕಕ್ಕೆ ತಿರುಗಿವೆ, ಯಾಕೆ ಅಂತ ಕೇಳಿಕೊಳ್ಳಿ. ಮಂಟಪ ಕೃಷ್ಣದೇವರಾಯನ ಕಾಲದ್ದು, 1510ರದ್ದು. ಚಿತ್ರಗಳೂ ಅಷ್ಟೇ ಹಳೆಯವಾ ಅನ್ನುವುದಕ್ಕೆ ಮಾತ್ರ ವಿದ್ವಾಂಸರಲ್ಲಿ ಜಗಳ. ಆ ಜಗಳ ಏನೆಂದು ತಿಳಿಯುವ ಹಟ ಬಂದಾಗ ಪುಸ್ತಕ ಹಿಡಿಯಿರಿ, ಆಗ ತಲೆಗೆ ಹತ್ತುತ್ತದೆ. ಕರ್ನಾಟಕ ಲಲಿತಕಲಾ ಅಕಾಡೆಮಿ ಕನ್ನಡದಲ್ಲೇ ಕಲಾವಿದರ ಬಗ್ಗೆ ಪುಸ್ತಕ ತಂದಿದೆ.

ಇವತ್ತಿನ ಕಲೆಗೆ ಬಾಗಿಲು ನಿಮ್ಮ ದೇವರ ಕೋಣೆಯಲ್ಲೇ ಇದೆ. ರವಿವರ್ಮ 1894ರಲ್ಲಿ ಮುಂಬೈಯಲ್ಲಿ ಅಚ್ಚುಕೂಟ ಹಾಕಿದ ಮೇಲೆ ಅವರ ಲಕ್ಷ್ಮಿ, ಸರಸ್ವತಿ ಮನೆಮನೆಯ ಗೋಡೆ ಸೇರಿದರು. ನೂರು ವರ್ಷ ಕಳೆದ ಮೇಲೆ ಬೆಂಗಳೂರಿನ ಕಲಾವಿದೆ ಎನ್. ಪುಷ್ಪಮಾಲಾ ಅದೇ ಲಕ್ಷ್ಮಿಯ ವೇಷ ತಾವೇ ಹಾಕಿ ಫೋಟೊ ಮಾಡಿಸಿದರು. ಎರಡನ್ನೂ ಮೊಬೈಲಿನಲ್ಲಿ ಅಕ್ಕಪಕ್ಕ ಇಟ್ಟು ನೋಡಿ. ಒಂದಕ್ಕೆ ಕೈ ಮುಗಿಯಬೇಕು ಅನಿಸುತ್ತದೆ. ಇನ್ನೊಂದರಲ್ಲಿ ಸೀರೆ, ಕಮಲ ಎಲ್ಲ ಇದ್ದರೂ ಕಣ್ಣಿಗೆ ಬೀಳುವುದು ವೇಷ ತೊಟ್ಟ ಹೆಂಗಸು. ಸಮಕಾಲೀನ ಕಲೆ ಏನು ಮಾಡುತ್ತದೆ ಅಂತ ನನಗೆ ಗೊತ್ತಾಗಿದ್ದು ಹೀಗೆ, ದಪ್ಪ ಪುಸ್ತಕದಿಂದಲ್ಲ.

ಹಾಂ, ಕಿನ್ನಾಳ ಪಕ್ಕದಲ್ಲೇ ಇದೆ. ಚಿತ್ರಗಾರರು ಮರದ ಗೊಂಬೆಗೆ ಬಣ್ಣ ಹಚ್ಚುವಾಗ ಹತ್ತಿರ ಕೂತು ನೋಡಿ ಬನ್ನಿ.